ಹೊಸ ನಿರ್ಮಾಪಕರ ಪ್ರಶಸ್ತಿ ಮತ್ತು ನನ್ನ ಬಾಯಿ

ಮನೆಯಿಂದ,
೧೪ನೇ ತಾರೀಖು, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಚೂಟಿಗೆ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಅಥವಾ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ಕೆರೆದುಕೊಂಡು ತಿನ್ನುತ್ತಿದ್ದೀಯಾ? ನಿನ್ನ ಈ ಹೊಸ ಶೂಟಿಂಗ್ ನಡೆಯುವ ಆ ಗುಡ್ಡಕ್ಕೆ ಫೋನೇ ಹೋಗುವುದಿಲ್ಲ, ಒತ್ತಿ ಒತ್ತಿ ನನ್ನ ಬೆರಳು ಸವೆಯಿತು. ನಿಮಗೆ ಜನರೇಟರ್ ತರುವ ವ್ಯಾನಿನ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಊಟ ಮುಗಿಸಿ ನಮ್ಮ ಹಾಲ್‌ನಲ್ಲೇ ಗೊರಕೆ ಹೊಡೆಯುತ್ತಿದ್ದಾನೆ, ಅವನು ಏಳುವುದರೊಳಗೆ ಬರೆದು ಮುಗಿಸಬೇಕು. ನಿಮ್ಮಪ್ಪ ಚೆನ್ನಾಗಿದ್ದಾರೆ. ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅಷ್ಟೆ. ಯಾಕೆ ಅಂತ ಹೇಳುತ್ತೇನೆ, ನೀನು ಮೊದಲು ಎಲ್ಲಾದರೂ ಕೂತುಕೋ.

ನಿನ್ನೆ ಪ್ರಶಸ್ತಿಯ ಆಫೀಸಿನಿಂದ ಫೋನ್ ಬಂದಿತ್ತು. ನೀನು ಸಿಗಲಿಲ್ಲವೆಂದು ಮನೆಯ ನಂಬರಿಗೆ ಮಾಡಿದ್ದರು. ಕೊನೆಗೆ ಉಳಿದ ಮೂವರಲ್ಲಿ ನೀನೂ ಒಬ್ಬಳಂತೆ! ಮಾತಾಡಿದ ಹೆಂಗಸು ಬಹಳ ಮೆತ್ತಗಿನವಳು. ನಿನ್ನ ಫೋಟೋದ ಕೆಳಗೆ ನಾಲ್ಕು ಸಾಲು ಹಾಕಬೇಕು, ಮಗಳ ಬಗ್ಗೆ ಸ್ವಲ್ಪ ಹೇಳಿ ಅಂದಳು. ನನಗೆ ಅಷ್ಟು ಸಾಕಾಯಿತು ನೋಡು. ಹೊಲಿಗೆ ಮಿಷನ್ ನಿಲ್ಲಿಸಿ, ರವಿಕೆ ಅಳತೆ ಕೊಡಲು ಬಂದವಳನ್ನು ಅಲ್ಲೇ ನಿಲ್ಲಿಸಿ, ಜಂಬ ಕೊಚ್ಚಲು ಶುರು ಮಾಡಿದೆ. ಪ್ರಶಸ್ತಿಗೆ ಕಳಿಸಿರೋದು ಅವಳ ಆರನೇ ಸಿನಿಮಾ ಅಂದೆ. ಹಿಂದಿನ ಐದರ ಹೆಸರನ್ನೂ ಒಂದೇ ಉಸಿರಿಗೆ ಒದರಿದೆ. ಆಮೇಲೆ, "ಐದನ್ನೂ ಅವರೇ ನಿರ್ಮಾಣ ಮಾಡಿದ್ದಾ ಅಮ್ಮಾ?" ಅಂದಳು. "ಮತ್ತಿನ್ಯಾರು? ಹತ್ತು ವರ್ಷದಿಂದ ಮನೇಲಿ ಒಂದು ಊಟಕ್ಕೆ ನೆಟ್ಟಗೆ ಕೂತಿಲ್ಲ ಅವಳು!" ಅಂದೆ. "ಹಾಗಿದ್ರೆ ಇದನ್ನ ತೀರ್ಪುಗಾರರಿಗೆ ತಿಳಿಸಬೇಕಾಗತ್ತೆ" ಅಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿ, ಧಾರಾಳವಾಗಿ ತಿಳಿಸಿ ಅಂದುಬಿಟ್ಟೆ.

ಫೋನ್ ಇಟ್ಟು ತಿರುಗಿದರೆ ನಿಮ್ಮಪ್ಪ ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು. "ಅದು ಹೊಸಬರಿಗೆ ಕೊಡೋ ಪ್ರಶಸ್ತಿ ಕಣೇ. ಎರಡಕ್ಕಿಂತ ಜಾಸ್ತಿ ಸಿನಿಮಾ ಮಾಡಿದೋರಿಗೆ ಕೊಡಲ್ಲ ಅಂತ ಅವಳು ಎಷ್ಟು ಸಲ ಹೇಳಿದ್ಲು!" ಕೈಯಾರೆ ನಿನ್ನ ಅನ್ನಕ್ಕೆ ಕಲ್ಲು ಹಾಕಿದೆನಲ್ಲ ಚೂಟಿ! ಈ ಪ್ರಶಸ್ತಿ ಬಂದರೆ ಮುಂದಿನ ಸಿನಿಮಾಕ್ಕೆ ಯಾರ ಬಾಗಿಲಲ್ಲೂ ಕಾಯಬೇಕಿಲ್ಲಮ್ಮಾ ಅಂತ ಹೊರಡುವಾಗ ನೀನು ಹೇಳಿದ್ದು ಕಿವಿಯಲ್ಲೇ ಇದೆ. ಅದೇ ಗಾಬರಿಯಲ್ಲಿ ರವಿಕೆಯ ಎಡತೋಳನ್ನು ಬಲಕ್ಕೆ ಹೊಲಿದು ಬಿಚ್ಚಿದ್ದೇನೆ. ಆಫೀಸಿಗೆ ಫೋನ್ ಮಾಡಿದರೆ ಮೀಟಿಂಗ್‌ನಲ್ಲಿದ್ದಾರೆ ಅನ್ನುತ್ತಾರೆ. ಶುಕ್ರವಾರ ತೀರ್ಮಾನ ಅಂತೆ. ದಯವಿಟ್ಟು ನಾಳೆಯೇ ಗುಡ್ಡ ಇಳಿದು ಅವರಿಗೆ ಫೋನ್ ಮಾಡು. ನಮ್ಮಮ್ಮನಿಗೆ ಏನೂ ಗೊತ್ತಾಗುವುದಿಲ್ಲ ಅನ್ನು. ತಲೆ ಸರಿಯಿಲ್ಲ ಅಂದರೂ ನನಗೆ ಬೇಸರವಿಲ್ಲ.

ಆದರೂ ಒಂದು ಮಾತು. ನಾನು ಸುಳ್ಳು ಹೇಳಿದೆನಾ? ಶೂಟಿಂಗ್‌ಗೆ ಮನೆ ಬೇಕು ಅಂತ ಬೀದಿ ಬೀದಿ ಅಲೆದು ಬಾಗಿಲು ತಟ್ಟಿದವಳು ನೀನು. ಪರ್ಮಿಷನ್‌ಗೆ ಕ್ಯೂ ನಿಂತವಳು ನೀನು. ಮುನಿಸಿಕೊಂಡು ಕಾರಿನಿಂದ ಇಳಿಯದ ಹೀರೋಗೆ ಕಿಟಕಿಯಲ್ಲಿ ಬಗ್ಗಿ ಸಮಾಧಾನ ಹೇಳಿದವಳು, ಏಣಿಯಿಂದ ಬಿದ್ದ ಲೈಟಿನವನನ್ನು ಆಸ್ಪತ್ರೆಗೆ ಸೇರಿಸಿ ಅವನ ಹೆಂಡತಿಯ ಹತ್ತಿರ ಬೈಸಿಕೊಂಡವಳು ನೀನು. ನಮ್ಮ ಕುಕ್ಕರನ್ನೂ ಹಾಲ್‌ನ ಪರದೆಯನ್ನೂ ಹೊತ್ತೊಯ್ದೆ. ಆ ಪರದೆ ಎರಡು ಸಿನಿಮಾದಲ್ಲಿ ನಟಿಸಿದೆ, ಈಗ ಅದಕ್ಕೂ ಜಂಬ. ಎಲ್ಲಾ ನಾನೇ ನೋಡಿಕೊಳ್ಳಬೇಕಮ್ಮಾ ಅನ್ನುತ್ತಿದ್ದೆ. ಎಲ್ಲವನ್ನೂ ನೋಡಿಕೊಳ್ಳುವವರೇ ನಿರ್ಮಾಪಕರು ಅಂತ ನಾನು ತಿಳಿದೆ. ಬೀದಿಯವರಿಗೆಲ್ಲ ಹಾಗೇ ಹೇಳಿದ್ದೆ.

ಡ್ರೈವರ್ ಮಗ್ಗುಲು ಬದಲಿಸಿದ. ಕೆಮ್ಮಿಗೆ ಕಷಾಯದ ಪುಡಿ ಕಟ್ಟಿದ್ದೇನೆ, ಮರೆಯದೆ ಕುಡಿ. ಅಮ್ಮನ ಮೇಲೆ ಸಿಟ್ಟಿದ್ದರೆ ಶುಕ್ರವಾರ ಕಳೆದ ಮೇಲೆ ಬೈಯಿ, ಈಗ ಫೋನ್ ಮಾಡುವುದು ಮುಖ್ಯ. ನಿನ್ನ ಕೆಲಸಕ್ಕೆ ಯಾರ ಕಣ್ಣೂ ತಾಗದಿರಲಿ, ನನ್ನ ಬಾಯಿಯೂ ತಾಗದಿರಲಿ.

ಇಂತು ನಿನ್ನ ಬಾಯಿಬಡುಕಿ
ಅಮ್ಮ

ತಾ.ಕ.: ಡ್ರೈವರ್ ವ್ಯಾನ್ ಸ್ಟಾರ್ಟ್ ಮಾಡಿಯಾಯಿತು. ಈಗಷ್ಟೇ ಆ ಹೆಂಗಸಿನ ಫೋನ್ ಬಂದಿತ್ತು. ಐದೂ ಸಿನಿಮಾ ಹಾಕಿ, ಕೊನೆಯಲ್ಲಿ ಬರುವ ಹೆಸರುಗಳನ್ನೆಲ್ಲ ನೋಡಿದರಂತೆ. ನಿರ್ಮಾಪಕರು ಅಂತ ಬೇರೆ ಯಾರ್‍ಯಾರದೋ ಹೆಸರಿದೆ. ಟೀ ಕೊಟ್ಟವನದೂ ಇದೆ. ನಿನ್ನದು ಎಲ್ಲೂ ಇಲ್ಲ. ಹಾಗಾಗಿ ನೀನು ಹೊಸಬಳೇ, ಮೂವರಲ್ಲಿ ಉಳಿದಿದ್ದೀಯ, ಫೋನ್ ಮಾಡುವುದು ಬೇಡ. ಈಗ ಖುಷಿನಾ ಅಮ್ಮಾ ಅಂತ ಕೇಳಿದಳು. ಹೂಂ ಅಂದು ಫೋನ್ ಇಟ್ಟೆ ಚೂಟಿ. ಐದು ಸಲವೂ ನೀನೇ ನನ್ನನ್ನು ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಐದು ಸಲವೂ ಕಥೆ ಮುಗಿಯುತ್ತಿದ್ದಂತೆ, ಆಮೇಲೆ ನೂಕುನುಗ್ಗಲು ಆಗುತ್ತೆ, ಬೇಗ ಏಳಮ್ಮಾ ಅಂತ ಕೈಹಿಡಿದು ಎಬ್ಬಿಸಿದ್ದೆ. ಪ್ರಶಸ್ತಿಯ ದಿನ ನಿನ್ನ ಆರನೇ ಸಿನಿಮಾ ತೋರಿಸುತ್ತಾರಂತೆ. ಬಹುಮಾನ ಬರಲಿ, ಬಿಡಲಿ, ದೀಪ ಹತ್ತಿ ಎಲ್ಲರೂ ಮನೆಗೆ ಹೋಗಲಿ, ಕೊನೆಯ ಹೆಸರು ಓದುವವರೆಗೆ ನಾನು ಏಳುವುದಿಲ್ಲ. ನೀನೂ ಪಕ್ಕದಲ್ಲಿ ಕೂತಿರಬೇಕು.