ಪ್ರಾಮೊರೆಲ್ ಊರಿನ ಕೆಳಮನೆ

ದ್ವಾರಕಾ ನಗರ, ವಿಶಾಖಪಟ್ಟಣ
20 ಮೇ 2025, ಮಂಗಳವಾರ

ಪ್ರೀತಿಯ ಸುಮಿತ್ರಾ,

ಹೇಗಿದ್ದೀ? ವಿಮಾನದಲ್ಲಿ ಹಿಡಿದ ಸೊಂಟ ಬಿಟ್ಟಿತೇ? ನಮ್ಮ ಅರ್ಪಿತಾಳ ಸಿಸೇರಿಯನ್ ಹೊಲಿಗೆ ಒಣಗಿದೆಯೇ, ಕೂಸಿಗೆ ಹಾಲು ಸಾಕಾಗುತ್ತಿದೆಯೇ? ಇವತ್ತಿಗೆ ಕೂಸಿಗೆ ಹದಿನೆಂಟು ದಿನ. ನನ್ನ ಊಟದ ಚಿಂತೆ ಬೇಡ. ಮೇಲಿನ ಮನೆಯ ಅನಸೂಯಾಗಾರು ದಿನ ಬಿಟ್ಟು ದಿನ ಪಪ್ಪು, ಅದೇ ನಮ್ಮ ತೊವ್ವೆ, ಕಳಿಸುತ್ತಾರೆ. "ಮೇಡಂಗಾರು ಬರೋ ಹೊತ್ತಿಗೆ ನಿಮ್ಮನ್ನ ಗುರುತು ಸಿಗದ ಹಾಗೆ ದಪ್ಪ ಮಾಡ್ತೀನಿ" ಎನ್ನುತ್ತಾರೆ. ಅವರಿಗೆ ಏನು ಗೊತ್ತು, ನಾಲ್ಕು ದಿನದಿಂದ ನಾನು ಅವರ ಪಾತ್ರೆಯ ಮುಚ್ಚಳವನ್ನೇ ತೆಗೆದಿಲ್ಲ.

ಫೋನಿನಲ್ಲಿ ಮೂರು ಸಲ ಹೇಳಲು ಹೋದೆ. ಮೂರು ಸಲವೂ ನೀನು "ಶುರುವಾಯ್ತಾ ನಿಮ್ಮ ಇನ್‌ಸ್ಪೆಕ್ಷನ್ನು" ಎಂದು ನಕ್ಕು ಫೋನನ್ನು ಕೂಸಿನ ಮುಖಕ್ಕೆ ಹಿಡಿದೆ. ಕೂಸನ್ನು ನೋಡಿದರೆ ನನಗೆ ಮಾತು ಮರೆತುಹೋಗುತ್ತದೆ, ಅದು ನಿನಗೂ ಗೊತ್ತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ದಯವಿಟ್ಟು ಕೊನೆಯವರೆಗೆ ಓದು.

ಬ್ಯಾಂಕಿನ ಹಳ್ಳಿಯ ಶಾಖೆಯಲ್ಲಿದ್ದಾಗ ಸಾಲ ಕೊಡುವ ಮೊದಲು ಊರನ್ನು ತಿಳಿದುಕೊಳ್ಳುತ್ತಿದ್ದೆವಲ್ಲ, ಮಣ್ಣು ಯಾವುದು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು. ನೀನು ಹೋದ ಮೇಲೆ ಸಂಜೆ ಹೊತ್ತು ಕಳೆಯದೆ ನೀವಿರುವ ಪ್ರಾಮೊರೆಲ್‌ಗೂ ಹಾಗೇ ಮಾಡಿದೆ. ಊರಿನ ಪಂಚಾಯಿತಿಯ ವೆಬ್‌ಸೈಟ್ ಇದೆ. ಫ್ರೆಂಚನ್ನು ಫೋನೇ ಇಂಗ್ಲಿಷಿಗೆ ತಿರುಗಿಸಿ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಾಡುವ ಭಾಗದಲ್ಲಿ, ಎರಡು ಬೆಟ್ಟಗಳ ನಡುವೆ, ಸಮುದ್ರಮಟ್ಟದಿಂದ ಸಾವಿರದ ನಲವತ್ತು ಮೀಟರ್ ಎತ್ತರ. ಜನ ಇನ್ನೂರ ಎಂಬತ್ತಾರು, ಹಸು ಅದರ ಎರಡರಷ್ಟು. ಆಲೂಗಡ್ಡೆ, ರೈ ಎಂಬ ಧಾನ್ಯ, ಹುಲ್ಲು ಬೆಳೆಯುತ್ತಾರೆ. ಹಾಲೆಲ್ಲ ಸಹಕಾರಿ ಚೀಸ್ ಕಾರ್ಖಾನೆಗೆ ಹೋಗುತ್ತದೆ. ಪರವಾಡದ ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದ ನಮ್ಮ ಅಳಿಯ ಫಣೀಂದ್ರ ಈಗ ಆ ಹಾಲನ್ನು ಪರೀಕ್ಷಿಸುತ್ತಾನೆ ಎಂಬುದು ಬಿಟ್ಟರೆ ಅಲ್ಲಿ ನಮಗೆ ಸಂಬಂಧಪಟ್ಟದ್ದು ಇನ್ನೇನೂ ಇಲ್ಲ ಎಂದುಕೊಂಡಿದ್ದೆ. ಊರಿನ ಮಧ್ಯೆ ಒಂದು ತೊರೆ ಇದೆ. ವರ್ಷದಲ್ಲಿ ಹನ್ನೊಂದು ತಿಂಗಳು ಮಕ್ಕಳು ದಾಟುವಷ್ಟೇ ನೀರು. ಆ ಇನ್ನೊಂದು ತಿಂಗಳ ಕಥೆಯೇ ನನ್ನನ್ನು ಹಿಡಿದುಕೊಂಡಿರುವುದು.

1834ರಲ್ಲಿ ಬೆಟ್ಟದ ಹಿಮ ಒಮ್ಮೆಲೇ ಕರಗಿ ತೊರೆ ಕಲ್ಲು ಮಣ್ಣು ಹೊತ್ತು ಬಂತು. ಹನ್ನೊಂದು ಜನ ಸತ್ತರು. 1927ರ ಜೂನ್ ನಾಲ್ಕರಂದು ಮತ್ತೆ ಬಂತು. ಆಗ ಸತ್ತವರು ಏಳು ಜನ. ಅಂದಿನ ಪತ್ರಿಕೆಯ ವರದಿಯನ್ನೂ ಹಾಕಿದ್ದಾರೆ. ಏಳು ಜನರೂ ಕೆಳಮನೆಯಲ್ಲಿ, ಅಂದರೆ ಮನೆಯ ಕೆಳಗಿನ ಅಂತಸ್ತಿನಲ್ಲಿ, ಮಲಗಿದ್ದವರು. ಅದಾದ ಮೇಲೆ ಊರವರು ಸೇರಿ ಒಂದು ತೀರ್ಮಾನ ಮಾಡಿದರು. ಕಲ್ಲಿನ ಕೆಳಮನೆಯಲ್ಲಿ ದನ, ಹುಲ್ಲು, ಆಲೂಗಡ್ಡೆ ಇರಬಹುದು, ಮನುಷ್ಯರ ಹಾಸಿಗೆ ಇರಕೂಡದು. ಇವತ್ತಿಗೂ ಅಲ್ಲಿ ಯಾರೂ ಕೆಳಗೆ ಮಲಗುವುದಿಲ್ಲವಂತೆ.

ಸುಮಿತ್ರಾ, ನೀನು ಬಾಣಂತಿಯ ಮಂಚವನ್ನು ಎಲ್ಲಿ ಹಾಕಿಸಿದ್ದೀ?

ನಿನ್ನ ತಪ್ಪಲ್ಲ. ಬಾಣಂತಿಗೆ ಕತ್ತಲೆ ಕೋಣೆ ಬೇಕು, ಗಾಳಿ ಬಡಿಯಬಾರದು, ಹೊಟ್ಟೆ ಕೊಯ್ದವಳು ಹದಿನಾಲ್ಕು ಮೆಟ್ಟಿಲು ಹತ್ತಿಳಿಯಬಾರದು. ನಿನ್ನ ಅಮ್ಮ ನಿನಗೆ ಹಾಗೇ ಮಾಡಿದ್ದರು, ನೀನು ಮಗಳಿಗೆ ಮಾಡಿದೆ. ಪಕ್ಕದ ಕೊಟ್ಟಿಗೆಯ ಬಿಸಿ ಗೋಡೆಗೆ ಬರುತ್ತದೆ, "ನಮ್ಮ ಕಡೆ ಬಾಣಂತಿ ಕೋಣೆ ಇದ್ದ ಹಾಗೇ ಇದೆ ರೀ" ಎಂದು ನೀನು ಸಂತೋಷಪಟ್ಟಾಗ ನಾನೂ ಒಳ್ಳೆಯದಾಯಿತು ಎಂದೆ. ಮನೆಯೊಡತಿ ಮದಾಮ್ ಕ್ಲೇರ್ ದಿನಾ ಬಂದು ಮೂಗು ಮುರಿದು, ಮಂಚ ತೋರಿಸಿ, ಮೆಟ್ಟಿಲು ತೋರಿಸಿ ಕೂಗಾಡುತ್ತಾರೆ ಎಂದೆಯಲ್ಲ, "ಮುದುಕಿಗೆ ನಮ್ಮ ಸಾಂಬ್ರಾಣಿ ಹೊಗೆ ಆಗೋಲ್ಲ, ಆಗದಿದ್ರೆ ಬಿಡ್ಲಿ" ಎಂದೂ ನೀನೇ ಹೇಳಿದೆ. ಅವರು ಹೊಗೆಗೆ ಬಂದವರಲ್ಲ ಎಂದು ನನಗೆ ಈಗ ಅನ್ನಿಸುತ್ತಿದೆ. ಮಾತು ತಿಳಿಸಿಕೊಡಬೇಕಾದ ಫಣೀಂದ್ರ ತರಬೇತಿಗೆಂದು ಪಟ್ಟಣಕ್ಕೆ ಹೋದವನು ಶುಕ್ರವಾರ ಬರುತ್ತಾನೆ. ಶುಕ್ರವಾರದವರೆಗೆ ಕಾಯುವ ಧೈರ್ಯ ನನಗಿಲ್ಲ.

ಭಾನುವಾರ ನೀನು ಕಳಿಸಿದ ಫೋಟೋ ಇನ್ನೊಮ್ಮೆ ನೋಡು. ವೈದ್ಯರ ಹತ್ತಿರ ಹೋಗಿ ಬರುವಾಗ ಚರ್ಚಿನ ಗೋಡೆಗೆ ಒರಗಿ ಅರ್ಪಿತಾ ನಿಂತಿದ್ದಾಳೆ. ಅವಳ ಹಿಂದೆ ಕಲ್ಲಿನಲ್ಲಿ ಕೊರೆದ ಗೀಟು, ಪಕ್ಕದಲ್ಲಿ 1927. ಆ ದಿನ ನೀರು ನಿಂತ ಮಟ್ಟ ಅದು. ಗೀಟು ಅವಳ ತಲೆಯಿಂದ ಒಂದು ಗೇಣು ಮೇಲಿದೆ. ನಿಮ್ಮ ಮನೆ ಚರ್ಚಿಗಿಂತ ತಗ್ಗಿನಲ್ಲಿದೆ, ನಕ್ಷೆಯಲ್ಲಿ ಅಳೆದು ನೋಡಿದ್ದೇನೆ. ನಿನ್ನೆಯ ವಿಡಿಯೋದಲ್ಲಿ ತೊರೆಯ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಮೂರು ದಿನದಿಂದ ಇಪ್ಪತ್ತನಾಲ್ಕು ಡಿಗ್ರಿ, ಹಿಮ ಕರಗಿಸುವ ಬಿಸಿಲು, ಗುರುವಾರ ಜೋರು ಮಳೆ ಎಂದು ಅವರ ಹವಾಮಾನ ಇಲಾಖೆ ಹೇಳುತ್ತಿದೆ. ಈ ವರ್ಷ ಬೆಟ್ಟದ ಮೇಲೆ ಹಿಮ ಎಂದಿಗಿಂತ ಹೆಚ್ಚು ಬಿದ್ದಿದೆ. ಬ್ಯಾಂಕಿನಲ್ಲಿ ಕೂತು ಗಂಟೆಗೊಮ್ಮೆ ಅದನ್ನೇ ನೋಡುತ್ತೇನೆ. ಇವತ್ತು ನಾನು ಮಾಡಿದ ಸಹಿ ಹೊಂದುವುದಿಲ್ಲ ಎಂದು ನಮ್ಮ ಕ್ಲರ್ಕ್ ಅಖಿಲ್ ಕಾಗದ ವಾಪಸು ತಂದ. "ಸಾರ್, ಬಿಪಿ ನೋಡಿಸ್ಕೊಳ್ಳಿ" ಎಂದ.

ಚೀಸ್ ಕಾರ್ಖಾನೆಯಿಂದ ಇಬ್ಬರನ್ನು ಕರೆದರೆ ಅರ್ಪಿತಾಳನ್ನು ಕುರ್ಚಿಯಲ್ಲಿ ಕೂರಿಸಿ ಹತ್ತು ನಿಮಿಷದಲ್ಲಿ ಮೇಲೆ ಸೇರಿಸುತ್ತಾರೆ. ಮೇಲೆ ಗಾಳಿ ಬಂದರೆ ಕಿಟಕಿಗೆ ಕಂಬಳಿ ಕಟ್ಟು. ಮದಾಮ್ ಕ್ಲೇರ್ ಅವರಿಗೆ ನನ್ನ ನಮಸ್ಕಾರ ಹೇಳು. ಅರ್ಪಿತಾಳಿಗೆ ನೂರು ವರ್ಷ ಆಯಸ್ಸು, ಕೂಸಿನ ಎರಡೂ ಪಾದಕ್ಕೆ ಅಜ್ಜನ ಮುತ್ತು.

ನಿನ್ನ,
ಗೋಪಾಲಕೃಷ್ಣ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಹೋದ ಸೆಪ್ಟೆಂಬರ್ ಒಂದರಂದು ವಿಜಯವಾಡದ ಪ್ರವಾಹದಲ್ಲಿ ನನ್ನ ಅಮ್ಮ ಹೋದರಲ್ಲ. ವರ್ಗವಾಗಿ ನಾವು ಸಾಮಾನಿನ ಜೊತೆ ಇಲ್ಲಿಗೆ ಬಂದಿದ್ದೆವು, ಎರಡು ದಿನದ ಮಟ್ಟಿಗೆ ಭವಾನಿಪುರಂ ಮನೆಯಲ್ಲಿ ಅವರೊಬ್ಬರೇ ಇದ್ದರು. ಆವತ್ತು ಫೋನ್ ಸಿಗಲೇ ಇಲ್ಲ ಎಂದು ನಿನಗೂ ಊರಿಗೂ ಹೇಳಿದೆ. ಸಿಕ್ಕಿತ್ತು. ಬೆಳಿಗ್ಗೆ ಆರೂವರೆಗೆ ಅವರೇ ಮಾಡಿದ್ದರು. "ಗೋಪೀ, ಗೇಟಿನೊಳಗೆ ನೀರು ಬಂದಿದೆ, ಮೇಲಿನವರು ಬಾ ಅಂತಿದಾರೆ, ಹೋಗ್ಲೇನಪ್ಪಾ?" ಎಂದು ಕೇಳಿದರು. "ನಿನ್ನ ಮಂಡಿಗೆ ಆ ಮೆಟ್ಟಿಲು ಆಗೋಲ್ಲ, ಮಧ್ಯಾಹ್ನದೊಳಗೆ ನೀರು ಇಳಿಯುತ್ತೆ, ಅಲ್ಲೇ ಮಂಚದ ಮೇಲೆ ಕೂತಿರಮ್ಮ" ಎಂದೆ. ಅಮ್ಮ ನನ್ನ ಮಾತು ಕೇಳಿದರು.

ಸುಮಿತ್ರಾ, ಯಾರನ್ನೂ ಕಾಯಬೇಡ, ಸಾಮಾನು ಮುಟ್ಟಬೇಡ. ಕೂಸನ್ನು ಎತ್ತಿಕೊಂಡು ಮಗಳ ಕೈ ಹಿಡಿದು ಈಗಲೇ ಮೆಟ್ಟಿಲು ಹತ್ತು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನನ್ನನ್ನು ಏನು ಬೈಯುವುದಿದ್ದರೂ ಮೇಲೆ ಹೋಗಿ ಕೂತು ಬೈಯಿ.