ಬಾರದ ಗಟಾರಕ್ಕೆ ಮೂಲೆಮನೆಯ ಹರಾಜು

ನಾಗಪುರ, ಸೆಪ್ಟೆಂಬರ್ 28, 1986

ಮಾನ್ಯ ಸುಧಾರಣಾಧಿಕಾರಿಗಳೇ,

ನಮ್ಮ ಬಡಾವಣೆಯ ಮೂಲೆಮನೆಯನ್ನು ಬರುವ ತಿಂಗಳ ಹದಿನೆಂಟಕ್ಕೆ ನೀವು ಹರಾಜು ಹಾಕುತ್ತಿದ್ದೀರಿ. ಆ ಮನೆಯ ಲಕ್ಷ್ಮವ್ವ ಗಟಾರದ ಸುಧಾರಣಾ ಕರ ಕಟ್ಟಿಲ್ಲ ಎಂಬುದು ಕಾರಣ. ಗಟಾರ ಆಕೆಯ ಮನೆಯ ತನಕ ಬಂದೇ ಇಲ್ಲ. ಮರಾಠಿಯಲ್ಲಿ ಮೂರು ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ ಒಂದು. ಹೇಗೂ ಉತ್ತರ ಬರುವುದಿಲ್ಲ ಎಂದಮೇಲೆ ಕನ್ನಡದಲ್ಲಿ ಬರೆದರೇನು ನಷ್ಟ? ಅದಕ್ಕೇ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ, ಕರ ಮುಗಿದು, ಕರದ ಕಥೆ ಹೇಳುತ್ತಿದ್ದೇನೆ.

ನಿಮ್ಮ ಯೋಜನೆ ಮೊದಲು ನನಗೂ ಬಲು ಚೆಂದ ಕಂಡಿತ್ತು. ಕಚೇರಿ ಬಾಂಡ್ ಮಾರಿ ಸಾಲ ಎತ್ತುತ್ತದೆ. ಆ ಹಣದಲ್ಲಿ ರಸ್ತೆ, ಗಟಾರ ಆಗುತ್ತವೆ. ಅವುಗಳಿಂದ ಮನೆಗಳ ಬೆಲೆ ಏರುತ್ತದೆ. ಬೆಲೆ ಏರಿದವರು ಕರ ಕಟ್ಟುತ್ತಾರೆ. ಆ ಕರದಿಂದ ಬಾಂಡ್ ಕೊಂಡವರಿಗೆ ಬಡ್ಡಿ. ಟಪಾಲು ಕಚೇರಿಯಿಂದ ನಿವೃತ್ತನಾದಾಗ ನಾನೂ ಒಂದು ಬಾಂಡ್ ಕೊಂಡೆ. ಸಾಲದ್ದಕ್ಕೆ ಒಪ್ಪಿಗೆ ಪತ್ರ ಹಿಡಿದು ಮನೆಮನೆ ತಿರುಗಿದವನೂ ನಾನೇ. ಪಕ್ಕದ ಕಾಮಠಿಯ ಮಿಲಿಟರಿ ದಂಡಿನಲ್ಲಿದ್ದ ಗಂಡ ತೀರಿಕೊಂಡ ಮೇಲೆ ರೊಟ್ಟಿ ಬಡಿದು ಮಾರಿ ಬದುಕುವ ಲಕ್ಷ್ಮವ್ವ ಅನುಮಾನಿಸಿದಳು. "ಗಟಾರ ಬಂತಂದ್ರ ನಿನ್ನ ಮನಿ ರೇಟು ಎಷ್ಟು ಏರ್ತದಂದ್ರ, ತಂಗಿ, ನಿನಗೇ ಅದನ್ನ ಕೊಳ್ಳಲಿಕ್ಕೆ ಆಗೂದಿಲ್ಲ ನೋಡು," ಎಂದೆ. ನಕ್ಕು ಹೆಬ್ಬೆಟ್ಟು ಒತ್ತಿದಳು. ನನ್ನ ಹಾಸ್ಯವನ್ನು ಇಷ್ಟು ಅಕ್ಷರಶಃ ಜಾರಿಗೆ ತಂದ ಕಚೇರಿ ಇನ್ನೊಂದಿಲ್ಲ.

ಮನೆ ಎಷ್ಟು ಉದ್ದ ರಸ್ತೆಗೆ ಮುಖ ಮಾಡಿದೆಯೋ ಅಷ್ಟು ಕರ ಎಂದಿರಿ. ಆಕೆಯದು ಎರಡು ರಸ್ತೆ ಕೂಡುವಲ್ಲಿನ ತ್ರಿಕೋನ ಜಾಗ. ಒಳಗೆ ಒಂದೂವರೆ ಕೋಣೆ, ಹೊರಗೆ ಎರಡು ಮುಖ. ಹೀಗಾಗಿ ಬಡಾವಣೆಗೇ ಚಿಕ್ಕ ಮನೆಗೆ ಬಡಾವಣೆಗೇ ದೊಡ್ಡ ಕರ. ಮುಖ ನೋಡಿ ಕರ ಹಾಕುವುದನ್ನು ನಿಮ್ಮಲ್ಲೇ ಕಂಡೆ. ಅಷ್ಟರಲ್ಲಿ ಹಣ ತೀರಿತೆಂದು ಗುತ್ತಿಗೆದಾರ ಎರಡು ಮನೆ ಹಿಂದೆಯೇ ಗಟಾರ ನಿಲ್ಲಿಸಿದ. ಈಗ ಊರವರ ಬಚ್ಚಲ ನೀರೆಲ್ಲ ಆಕೆಯ ಬಾಗಿಲಲ್ಲಿ ನಿಲ್ಲುತ್ತದೆ. ಇದರಿಂದ ಮನೆಯ ಬೆಲೆ ಏರಿತೆಂದು ಅಳೆದವರು ಯಾರು, ಮೂಗು ಮುಚ್ಚಿಕೊಂಡೋ ಬಿಟ್ಟುಕೊಂಡೋ? ನಿಮ್ಮ ಸುಧಾರಣೆಯಿಂದ ನಾವು ಸುಧಾರಿಸಿಕೊಳ್ಳುವುದು ಯಾವಾಗ?

ನನ್ನ ಬಾಂಡನ್ನೇ ಆಕೆಯ ಬಾಕಿಗೆ ಮುರಿದುಕೊಳ್ಳಿ ಎಂದು ನಿಮ್ಮ ಕಚೇರಿಗೆ ಒಯ್ದೆ. ತೊಂಬತ್ತೊಂದನೇ ಇಸವಿಯವರೆಗೆ ಅದನ್ನು ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಬರೋಬರ್ ಬರುತ್ತದೆ ಎಂದರು ನಿಮ್ಮ ಗುಮಾಸ್ತರು. ನಿಜ. ಈ ಸಲದ ನನ್ನ ಬಡ್ಡಿ, ಆಕೆಯ ಹರಾಜಿನ ನೋಟೀಸು ಎರಡೂ ಒಂದೇ ದಿನ ಒಂದೇ ಟಪಾಲು ಚೀಲದಲ್ಲಿ ಬಂದವು. ಆ ಬಡ್ಡಿಗೆ ನನ್ನ ಪಿಂಚಣಿ ಸೇರಿಸಿದರೂ ಆಕೆಯ ಬಾಕಿಯ ಕಾಲುಭಾಗ ತೀರದು.

ನೋಟೀಸು ಮರಾಠಿಯಲ್ಲಿತ್ತು. ಓದು ಬಾರದ ಆಕೆ ಅದನ್ನು ನನ್ನಲ್ಲಿಗೇ ತಂದಳು.

"ಏನಂತ ಬರದಾರ್ರೀ, ರಾಯರ?"

ಜೀವಮಾನವಿಡೀ ಜನರಿಗೆ ಇಲ್ಲದ್ದನ್ನು ಓದಿ ಹೇಳಿ ನಗಿಸಿದ ಬಾಯಿ ಇದು.

"ಅಳತಿ ತಪ್ಪಾಗೇದಂತ. ಮತ್ತ ಅಳೀಲಿಕ್ಕೆ ಬರ್ತಾರಂತ," ಎಂದು ಓದಿದೆ.

ಆಕೆ ನಗಲಿಲ್ಲ, ಕೈ ಮುಗಿದಳು. "ಹಂಗಾರ ದಸರಾಕ್ಕ ಸುಣ್ಣ ಹಚ್ತೀನ್ರಿ."

ರಸ್ತೆ ಕಡೆಯ ಎರಡೂ ಗೋಡೆ ಈಗಾಗಲೇ ಬೆಳ್ಳಗಾಗಿವೆ.

ಆದ್ದರಿಂದ, ಮಾನ್ಯರೇ, ನೀವು ಬರೆದದ್ದನ್ನು ಬಿಟ್ಟು ನಾನು ಓದಿದ್ದನ್ನು ನಡೆಸಿಕೊಡಿ. ಹರಾಜು ನಿಲ್ಲಿಸಿ, ಟೇಪು ಹಿಡಿದ ಒಬ್ಬನನ್ನು ಕಳಿಸಿ. ಕಳಿಸುವುದಿಲ್ಲವೆಂದು ಬಲ್ಲೆ. ಹದಿನೇಳರ ಸಂಜೆಯೊಳಗೆ ಯಾರೂ ಬಾರದಿದ್ದರೆ ಆ ಕಾಗದವನ್ನು ನಾನು ಆಕೆಗೆ ಇನ್ನೊಮ್ಮೆ ಓದಬೇಕಾಗುತ್ತದೆ.

ಇಂತಿ,
ನಿಮಗೆ ಸಾಲ ಕೊಟ್ಟು ನೆರೆಮನೆಯ ಬಡ್ಡಿ ತಿನ್ನುತ್ತಿರುವ
ವ್ಯಾಸರಾಜ
(ನಿವೃತ್ತ ಟಪಾಲು ಗುಮಾಸ್ತ)