ಹೊಸ್ತಿಲಾಚೆಯ ಬೋಗುಣಿ

ಕೀಲುಂಗ್, ತೈವಾನ್
೨೦ ಆಗಸ್ಟ್ ೨೦೨೩, ಪ್ರೇತಮಾಸದ ಐದನೆಯ ದಿನ

ಮಗಳು ಜಿಂಗ್-ರೂಗೆ,

ನಾನು ಚೆನ್ನಾಗಿದ್ದೇನೆ. ಮಂಡಿನೋವಿದೆ, ಅದು ಸುದ್ದಿಯಲ್ಲ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ತಡವಾದದ್ದು ನನ್ನದೇ ತಪ್ಪು. ಈ ಮಾತು ನನ್ನ ಕೈಯಿಂದ ಮತ್ತೆ ಬರುವುದಿಲ್ಲ, ಜೋಪಾನವಾಗಿಟ್ಟುಕೋ.

ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ನಮ್ಮ ದ್ವೀಪಕ್ಕೂ ಒಂದು ಕುರ್ಚಿ ಸಿಗಲೆಂದು ಅಮೆರಿಕದವರು ತಂದಿರುವ ಮಸೂದೆಯ ಪರವಾಗಿ, ಮುಂದಿನ ತಿಂಗಳು ಅಲ್ಲಿನ ಸಂಸದರ ಮುಂದೆ ನಿನ್ನ ಅಪ್ಪನ ಸಾವಿನ ಸಂಗತಿ ಓದುತ್ತೇನೆ ಎಂದಿದ್ದೀಯ. ಅದಕ್ಕೆ ಒಪ್ಪಿಗೆಯೆಂದು ನನ್ನ ಹೆಸರಿನ ಮುದ್ರೆ ಬೇಕು. ನೀನು ಬರೆದದ್ದನ್ನು ಎರಡು ಸಲ ಓದಿದೆ. 'ಸಾರ್ಸ್ ಬಂದ ವರ್ಷ, ಎಕ್ಸ್‌ರೇ ತೆಗೆಯುತ್ತಿದ್ದ ನನ್ನ ಅಪ್ಪನನ್ನು ಆಸ್ಪತ್ರೆಯೊಳಗೇ ಕೂಡಿ ಬೀಗ ಹಾಕಿದರು.' ಬರವಣಿಗೆ ನೇರವಾಗಿದೆ. ಹೆಮ್ಮೆಯಾಯಿತು.

ಆದರೆ ಸತ್ತವರನ್ನು ಕೇಳದೆ ಅವರ ವಿಷಯ ಹೇಳಬಾರದು. ಊದುಬತ್ತಿ ಹಚ್ಚಿ, 'ಮಗಳು ಹೀಗೆ ಓದಲೇ?' ಎಂದು ಕೇಳಿ, ಅರ್ಧಚಂದ್ರದ ಮರದ ತುಂಡುಗಳನ್ನು ನೆಲಕ್ಕೆ ಹಾಕಿದೆ. ಒಂದು ಅಂಗಾತ, ಒಂದು ಬೋರಲು ಬಿದ್ದರೆ ಒಪ್ಪಿಗೆ. ಎರಡೂ ಅಂಗಾತ ಬಿದ್ದವು. ಅಂದರೆ ನಿನ್ನ ಅಪ್ಪ ನಕ್ಕರು. ಮರುದಿನವೂ ನಕ್ಕರು. ಹದಿನೇಳು ದಿನ ನಕ್ಕರು.

ನಿನ್ನ ಸೋದರತ್ತೆ ಆ-ಕಿಮ್ ಬಂದಿದ್ದಳು. ಅವಳ ಬಾಯಿ ನಿನಗೆ ಗೊತ್ತು.

"ಏನ್ ಅತ್ತಿಗೆ, ಬದುಕಿದ್ದಾಗ ನಿಮ್ಮೆದುರು ಹಲ್ಲು ಬಿಡೋಕೆ ಹೆದರ್ತಿದ್ದ ನಮ್ಮಣ್ಣ. ಈಗ ಬಡ್ಡಿ ಸಮೇತ ನಗ್ತಿದಾನೆ!"

"ಊದುಬತ್ತಿ ಮುಂದೆ ಬಾಯಿಗೆ ಬೀಗ ಇರ್ಲಿ" ಎಂದೆ.

ಅವಳು ಬಾಗಿಲ ಕಡೆ ನೋಡಿದಳು. "ಅದೇನು, ಹೊಸ್ತಿಲಾಚೆ ಎರಡು ಬೋಗುಣಿ? ಈ ತಿಂಗಳು ಬರೋ ದಿಕ್ಕಿಲ್ಲದ ಪ್ರೇತಗಳಿಗೆ ಕೈತೊಳೆಯೋಕೆ ಒಂದು ಸಾಕಲ್ವಾ? ಆ ಎರಡನೇದರ ಪಕ್ಕ ಅಣ್ಣನ ಟವೆಲ್ ಯಾಕಿದೆ? ಮನೆಯವರಿಗೆ ಒಳಗೆ ಇಡ್ಬೇಕು. ಇಷ್ಟು ವರ್ಷ ಆಯ್ತು, ಇದೂ ಗೊತ್ತಿಲ್ವಾ ನಿಮಗೆ?"

ಗೊತ್ತಿದೆ. ಅವಳು ಹೋದ ಮೇಲೆ ಪ್ರಶ್ನೆ ಬದಲಿಸಿ ಕೇಳಿದೆ: 'ನಾನೇ ಮಗಳಿಗೆ ಹೇಳಿಬಿಡಲೇ?' ಒಂದು ಅಂಗಾತ, ಒಂದು ಬೋರಲು. ಮೂರು ಸಲವೂ ಹಾಗೆಯೇ.

ಮುದ್ರೆ ಒತ್ತಿ ಕಳಿಸಿದ್ದೇನೆ. ಬೀಗದ ಸಾಲನ್ನು ಮಾತ್ರ ಹೊಡೆದುಹಾಕಿದ್ದೇನೆ. ಆ ಸಂಸದರ ಮುಂದೆ ತಲೆ ತಗ್ಗಿಸಬೇಡ, ಅಳಬೇಡ, ಹೊಟ್ಟೆಗೆ ಬಿಸಿ ಗಂಜಿ ಹಾಕಿಕೊಂಡು ಹೋಗು. ನಿನ್ನ ಮಾತು ಗೆಲ್ಲಲಿ, ನಿನಗೆ ಆಯಸ್ಸು ಹೆಚ್ಚಲಿ.

ನಿನ್ನ ಅಮ್ಮ,
ಗ್ಯೋಕ್-ಲಾನ್

ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ: ಆಸ್ಪತ್ರೆ ಮುಚ್ಚಿದ ದಿನ ನಿನ್ನ ಅಪ್ಪ ಬೀಗ ಬೀಳುವ ಮೊದಲೇ ಹೊರಬಂದಿದ್ದರು. ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು, "ಜ್ವರ ಇಲ್ಲ ಕಣೇ. ಮುಖ ತೊಳ್ಕೊಂಡು ಎರಡು ತುತ್ತು ತಿಂತೀನಿ" ಎಂದರು. ನೀನು ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಆ ರೋಗ ಬಟ್ಟೆಯಿಂದ ಬರುತ್ತದೋ ಉಸಿರಿನಿಂದಲೋ ಎಂದು ನಾನು ಬೆಳಿಗ್ಗೆಯೇ ಮೂರು ಕಡೆ ಫೋನು ಮಾಡಿ ಕೇಳಿದ್ದೆ. ಯಾರಿಗೂ ತಿಳಿದಿರಲಿಲ್ಲ. ಆ ಕುರ್ಚಿ ನಮಗಿಲ್ಲದ್ದರಿಂದ, ತಿಳಿದವರು ನಮ್ಮೊಡನೆ ಕೂತು ಮಾತಾಡುವ ಹಾಗಿರಲಿಲ್ಲ. ಚಿಲಕ ತೆಗೆಯದೆ, "ಮಗು ಇದೆ, ವಾಪಸ್ ಹೋಗಿ" ಎಂದೆ. ಅವರು ನಕ್ಕರು. "ಆಯ್ತು ಯಜಮಾನ್ತಿ" ಎಂದು ಆಸ್ಪತ್ರೆಗೇ ಮರಳಿ ಹೋದರು. ಹನ್ನೊಂದನೆಯ ದಿನ ಬೂದಿಯಾಗಿ ಬಂದರು.

ಇದನ್ನೂ ಓದು. ಬಾಗಿಲ ಹಿಂದೆ ನಿಂತು ಕೇಳುವ ಇನ್ನೊಬ್ಬಳಿಗೆ ಉತ್ತರ ಸಿಗಲಿ. ನನ್ನನ್ನು ಕ್ಷಮಿಸಲಾಗದಿದ್ದರೂ ಓದು.

ಈ ತಿಂಗಳು ಪೂರ್ತಿ ನಾನು ಚಿಲಕ ಹಾಕುವುದಿಲ್ಲ. ದಿನವೂ ಸಂಜೆ ಅವರ ಟವೆಲ್ ಒದ್ದೆಯಾಗಿರುತ್ತದೆ. ಒಳಗೆ ಮಾತ್ರ ಬರುವುದಿಲ್ಲ.